ಸಿಂಪಥೆಟಿಕ್ ಆಕ್ಸಿಲರೇಟರ್, ಪ್ಯಾರಾಸಿಂಪಥೆಟಿಕ್ ಬ್ರೇಕ್ – ಹಾಗಾದರೆ ಬೆವರಿನ ಲೆಕ್ಕ ಏನು?

ಹಿಂದಿನಬೆಂಚು

ಸ್ವಾಯತ್ತ ನರವ್ಯೂಹದ, ಅಂದರೆ ನಾವು ಹೇಳದೆಯೇ ಒಳಗಿನ ಅಂಗಗಳನ್ನು ನಡೆಸುವ ನರಗಳ ಪಾಠ ಮುಗಿಯಿತು. ಕ್ಲಾಸಿನಲ್ಲಿ ಕೂತಾಗ ಎಲ್ಲ ಅರ್ಥವಾದಂತೆಯೇ ಇತ್ತು. ಸಿಂಪಥೆಟಿಕ್ ನರಗಳು ಆಕ್ಸಿಲರೇಟರ್, ಪ್ಯಾರಾಸಿಂಪಥೆಟಿಕ್ ನರಗಳು ಬ್ರೇಕ್. ಮೊದಲನೆಯದು ನಾರ್‌ಅಡ್ರಿನಲಿನ್ ಬಿಡುತ್ತದೆ, ಎರಡನೆಯದು ಅಸಿಟೈಲ್‌ಕೋಲಿನ್. ಇಷ್ಟೇ ಅಲ್ವಾ ಅಂದುಕೊಂಡೆ.

ಆಮೇಲೆ ಅಂಗಾಂಗಗಳ ಪಟ್ಟಿ ಮಾಡಲು ಕೂತರೆ ಒಂದೂ ಹೊಂದುತ್ತಿಲ್ಲ. ಬೆವರಿನ ಗ್ರಂಥಿಗೆ ಹೋಗುವುದು ಸಿಂಪಥೆಟಿಕ್ ನರ, ಆದರೆ ಅದು ಬಿಡುವುದು ಅಸಿಟೈಲ್‌ಕೋಲಿನ್. ಜೊಲ್ಲನ್ನು ಎರಡೂ ಕಡೆಯ ನರಗಳು ಬರಿಸುತ್ತವೆ. ರಕ್ತನಾಳಗಳಿಗೆ ಹೆಚ್ಚಿನ ಕಡೆ ಬ್ರೇಕೇ ಇಲ್ಲ. ಅಡ್ರಿನಲಿನ್ ಒಂದೇ, ಆದರೆ ಚರ್ಮದ ರಕ್ತನಾಳ ಅದಕ್ಕೆ ಬಿಗಿಯುತ್ತದೆ, ಶ್ವಾಸನಾಳ ಸಡಿಲವಾಗುತ್ತದೆ. ಹೀಗೆ ಎಲ್ಲವೂ ಅಪವಾದವೇ ಆದರೆ ನಿಯಮ ಅಂತ ಉಳಿಯುವುದೇನು? ಬಾಯಿಪಾಠ ಬಿಟ್ಟು ಬೇರೆ ದಾರಿ ಇದ್ದರೆ ಯಾರಾದರೂ ಹೇಳಿ.

ಕಪ್ಪೆಹೃದಯ

ಈ ಪಾಠವನ್ನು ತುಂಬಾ ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಆಕ್ಸಿಲರೇಟರ್-ಬ್ರೇಕ್ ಹೋಲಿಕೆಯನ್ನು ನಾನು ಕ್ಲಾಸಿನಲ್ಲಿ ಬಳಸುವುದೇ ಇಲ್ಲ. ಅದು ಹೃದಯಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ, ಉಳಿದ ಕಡೆಯೆಲ್ಲ ದಾರಿ ತಪ್ಪಿಸುತ್ತದೆ.

ಮೊದಲು ವೈರಿಂಗ್ ನೋಡಿ. ಕೈಕಾಲಿನ ಸ್ನಾಯುವಿಗೆ ಬೆನ್ನುಹುರಿಯಿಂದ ಒಂದೇ ನರಕೋಶ ನೇರವಾಗಿ ಹೋಗುತ್ತದೆ. ಸ್ವಾಯತ್ತ ವ್ಯವಸ್ಥೆಯಲ್ಲಿ ಹಾಗಲ್ಲ. ಎರಡು ನರಕೋಶಗಳ ಸರಪಳಿ ಇರುತ್ತದೆ. ಮೊದಲನೆಯದರ ದೇಹ ಮಿದುಳಿನ ಕಾಂಡದಲ್ಲೋ ಬೆನ್ನುಹುರಿಯಲ್ಲೋ ಇರುತ್ತದೆ. ಎರಡನೆಯದರ ದೇಹ ಹೊರಗೆ, ನರಗಂಟಿನಲ್ಲಿ, ಅಂದರೆ ಗ್ಯಾಂಗ್ಲಿಯಾನ್‌ನಲ್ಲಿ. ಎರಡನೆಯ ಕೋಶದ ತಂತು ಅಂಗವನ್ನು ತಲುಪುತ್ತದೆ.

ಸಿಂಪಥೆಟಿಕ್ ತಂತುಗಳು ಹೊರಡುವುದು ಬೆನ್ನುಹುರಿಯ ನಡುಭಾಗದಿಂದ, ಥೊರಾಸಿಕ್ (ಎದೆಯ ಮಟ್ಟ) 1ರಿಂದ ಲಂಬಾರ್ (ಸೊಂಟದ ಮಟ್ಟ) 2ರವರೆಗೆ. ಅವುಗಳ ಗಂಟುಗಳು ಬೆನ್ನುಮೂಳೆಯ ಎರಡೂ ಬದಿ ಸಾಲಾಗಿವೆ. ಇನ್ನು ಕೆಲವು ಹೊಟ್ಟೆಯೊಳಗೆ ಮಹಾಪಧಮನಿಯ ಮುಂದಿವೆ. ಹಾಗಾಗಿ ಮೊದಲ ತಂತು ಗಿಡ್ಡ, ಎರಡನೆಯದು ಉದ್ದ. ಪ್ಯಾರಾಸಿಂಪಥೆಟಿಕ್ ತಂತುಗಳು ಹೊರಡುವುದು ಎರಡು ತುದಿಗಳಿಂದ. ಮೇಲೆ 3, 7, 9, 10ನೇ ಕಪಾಲ ನರಗಳು (ಮಿದುಳಿನಿಂದ ನೇರ ಹೊರಡುವ ನರಗಳು), ಕೆಳಗೆ ಬೆನ್ನುಹುರಿಯ ಕೆಳತುದಿಯ ಸೇಕ್ರಲ್ 2ರಿಂದ 4. ಇವುಗಳ ಗಂಟುಗಳು ಅಂಗದ ಪಕ್ಕದಲ್ಲೋ ಅಂಗದ ಗೋಡೆಯೊಳಗೋ ಇರುತ್ತವೆ. ಇಲ್ಲಿ ಮೊದಲ ತಂತು ಉದ್ದ, ಎರಡನೆಯದು ಗಿಡ್ಡ.

ಈಗ ನಿಮ್ಮ ಗೊಂದಲಕ್ಕೆ ಬರೋಣ. ಗಂಟಿನೊಳಗೆ ಎರಡೂ ವಿಭಾಗಗಳು ಬಳಸುವುದು ಅಸಿಟೈಲ್‌ಕೋಲಿನ್ನನ್ನೇ. ಅಲ್ಲಿ ಅದನ್ನು ಹಿಡಿಯುವುದೂ ಒಂದೇ ಬಗೆಯ ನಿಕೋಟಿನಿಕ್ ರಿಸೆಪ್ಟರ್. ರಿಸೆಪ್ಟರ್ ಅಂದರೆ ರಾಸಾಯನಿಕವನ್ನು ಹಿಡಿಯಲು ಕೋಶದ ಮೇಲಿರುವ ಕೈ. 1889ರಲ್ಲಿ ಕೇಂಬ್ರಿಡ್ಜ್‌ನ ಜಾನ್ ಲ್ಯಾಂಗ್ಲಿ ಮತ್ತು ಡಿಕಿನ್ಸನ್ ಗಂಟುಗಳ ಮೇಲೆ ನಿಕೋಟಿನ್ ಹಚ್ಚಿ, ಸಂದೇಶ ಎಲ್ಲಿ ನಿಲ್ಲುತ್ತದೆ ಅಂತ ನೋಡಿಯೇ ಈ ನಕ್ಷೆ ಬಿಡಿಸಲು ಶುರು ಮಾಡಿದ್ದು. ಗಂಟಿನ ಮೇಲೆ ಹಚ್ಚಿದರೆ ಸಂದೇಶ ನಿಲ್ಲುತ್ತದೆ, ಗಂಟು ದಾಟಿದ ತಂತುವಿನ ಮೇಲೆ ಹಚ್ಚಿದರೆ ನಿಲ್ಲುವುದಿಲ್ಲ. ಹೀಗೆ ಎಲ್ಲಿ ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಗೊತ್ತಾಯಿತು. ನೀವು ಹೇಳುವ ನಾರ್‌ಅಡ್ರಿನಲಿನ್-ಅಸಿಟೈಲ್‌ಕೋಲಿನ್ ವ್ಯತ್ಯಾಸ ಎರಡನೆಯ ಕೊಂಡಿಗೆ ಮಾತ್ರ ಸೇರಿದ್ದು. ಅಲ್ಲೂ ಬೆವರು ಬೇರೆ ದಾರಿ ಹಿಡಿಯುತ್ತದೆ.

ಹಿಂದಿನಬೆಂಚು

ಸರ್, ಅಡ್ರಿನಲ್ ಗ್ರಂಥಿ ಈ ಸರಪಳಿಯಲ್ಲಿ ಎಲ್ಲಿ ಬರುತ್ತದೆ? ಅದಕ್ಕೆ ಒಂದೇ ನರಕೋಶ ಅಂತ ಪುಸ್ತಕದಲ್ಲಿದೆ.

ಕಪ್ಪೆಹೃದಯ

ಅದರ ಒಳಭಾಗ, ಅಂದರೆ ಮೆಡುಲ್ಲಾ, ತಾನೇ ಒಂದು ಸಿಂಪಥೆಟಿಕ್ ಗಂಟು ಅಂದುಕೊಳ್ಳಿ. ಅಲ್ಲಿನ ಕೋಶಗಳು ಭ್ರೂಣದಲ್ಲಿ ಗಂಟಿನ ಕೋಶಗಳು ಹುಟ್ಟುವ ಕಡೆಯಿಂದಲೇ ಬಂದವು. ಆದರೆ ತಂತು ಬೆಳೆಸುವುದಿಲ್ಲ. ಬಿಡುವುದನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಅದರಲ್ಲಿ ಸುಮಾರು 80 ಪಾಲು ಅಡ್ರಿನಲಿನ್, 20 ಪಾಲು ನಾರ್‌ಅಡ್ರಿನಲಿನ್. ನಾರ್‌ಅಡ್ರಿನಲಿನ್ನನ್ನು ಅಡ್ರಿನಲಿನ್ ಆಗಿ ಬದಲಿಸುವ ಕಿಣ್ವಕ್ಕೆ ಕಾರ್ಟಿಸಾಲ್ ಹಾರ್ಮೋನ್ ಬೇಕು. ಅದೇ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ತುಂಬಿದ ರಕ್ತ ಒಳಗೆ ಹರಿಯುತ್ತದೆ. ಹೊರಪದರ ಮತ್ತು ಒಳಭಾಗ ಒಟ್ಟಿಗೆ ಇರುವುದರ ಲಾಭ ಇದು.

ಮಾತ್ರೆಡಬ್ಬಿ

ನಾನು ಔಷಧದ ಕಡೆಯವಳು. ಹಿಂದಿನಬೆಂಚು, ನಿಮಗೆ ಬೇಕಾದ ದಾರಿ ಇದು: "ಯಾವ ನರ?" ಅಂತ ಕೇಳುವುದನ್ನು ಬಿಡಿ, "ಆ ಅಂಗದ ಮೇಲೆ ಯಾವ ರಿಸೆಪ್ಟರ್ ಕೂತಿದೆ?" ಅಂತ ಕೇಳಿ. ರಾಸಾಯನಿಕಕ್ಕೆ ತನ್ನದೇ ಅಂತ ಅರ್ಥ ಇಲ್ಲ. ಅದನ್ನು ಹಿಡಿದ ರಿಸೆಪ್ಟರ್ ಒಳಗೆ ಏನು ಮಾಡುತ್ತದೆ ಅನ್ನುವುದೇ ಅರ್ಥ.

1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಅಡ್ರಿನಲಿನ್ ಜಾತಿಯ ಕೆಲವು ರಾಸಾಯನಿಕಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಹಾಕಿ, ಯಾವುದಕ್ಕೆ ಬಲ ಜಾಸ್ತಿ ಅಂತ ಸಾಲು ಹಾಕಿದರು. ಒಂದೇ ಸಾಲು ಬರಬೇಕಿತ್ತು, ಬಂದದ್ದು ಎರಡು. ಹಾಗಾದರೆ ಹಿಡಿಯುವ ಕೈಗಳೂ ಎರಡು ಬಗೆ ಇರಬೇಕು ಅಂದರು. ಆಲ್ಫಾ ಮತ್ತು ಬೀಟಾ. ಆಗ ಬಹಳ ಜನ ಒಪ್ಪಲಿಲ್ಲ. ಜೇಮ್ಸ್ ಬ್ಲ್ಯಾಕ್ ಇದನ್ನು ಗಂಭೀರವಾಗಿ ತೆಗೆದುಕೊಂಡು ಬೀಟಾ ಕೈಯನ್ನು ಮಾತ್ರ ಮುಚ್ಚುವ ಔಷಧ ಹುಡುಕಿದರು. 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಬಂತು, 1988ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನಿಮ್ಮ ಅಡ್ರಿನಲಿನ್ ಪ್ರಶ್ನೆ. ಚರ್ಮದ ರಕ್ತನಾಳದಲ್ಲಿ ಆಲ್ಫಾ 1 ಇದೆ. ಅದು ಕೋಶದೊಳಗೆ ಕ್ಯಾಲ್ಸಿಯಂ ಏರಿಸುತ್ತದೆ, ಸ್ನಾಯು ಬಿಗಿಯುತ್ತದೆ. ಶ್ವಾಸನಾಳದಲ್ಲಿ ಬೀಟಾ 2 ಇದೆ. ಅದು ಸೈಕ್ಲಿಕ್ ಎಎಂಪಿ ಅನ್ನುವ ಕೋಶದೊಳಗಿನ ಸಂದೇಶವಾಹಕವನ್ನು ಏರಿಸುತ್ತದೆ, ಅಲ್ಲಿನ ಸ್ನಾಯು ಸಡಿಲವಾಗುತ್ತದೆ. ಹೃದಯದಲ್ಲಿ ಬೀಟಾ 1 ಇದೆ. ಅದು ಏರಿಸುವುದೂ ಅದೇ ಸೈಕ್ಲಿಕ್ ಎಎಂಪಿ, ಆದರೆ ಹೃದಯದ ಸ್ನಾಯು ಅದಕ್ಕೆ ಇನ್ನೂ ಜೋರಾಗಿ ಬಡಿಯುತ್ತದೆ. ಅಂದರೆ ರಿಸೆಪ್ಟರ್ ಗೊತ್ತಾದರೂ ಕೆಲಸ ಅರ್ಧ. ಆ ಕೋಶದ ಒಳಗಿನ ಯಂತ್ರ ಯಾವುದು ಅಂತಲೂ ನೋಡಬೇಕು.

ಮಾತ್ರೆಗಳ ಅಡ್ಡಪರಿಣಾಮ ಓದಿದರೆ ಇಡೀ ಪಾಠ ಅಲ್ಲೇ ಇದೆ. ಆಸ್ತಮಾಕ್ಕೆ ಸಾಲ್ಬುಟಮಾಲ್ ಎಳೆದುಕೊಂಡವರಿಗೆ ಕೈ ನಡುಗುವುದೇಕೆ? ಕೈಯ ಸ್ನಾಯುವಿನಲ್ಲೂ ಬೀಟಾ 2 ಇದೆ. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಯಾಕೆ ಅಪಾಯ? ಅದು ಬೀಟಾ 1, ಬೀಟಾ 2 ಎರಡನ್ನೂ ಮುಚ್ಚುತ್ತದೆ. ಮೂಗು ಕಟ್ಟಿದಾಗ ಹಾಕುವ ಆಕ್ಸಿಮೆಟಜೊಲಿನ್ ಹನಿ ಆಲ್ಫಾವನ್ನು ಒತ್ತಿ ಮೂಗಿನ ರಕ್ತನಾಳಗಳನ್ನು ಬಿಗಿಯುತ್ತದೆ. ಬಹಳ ದಿನ ಬಿಡದೆ ಹಾಕಿದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಕೌಂಟರ್ ಆಚೆ ನಿಂತವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. "ಹನಿ ಕೆಲಸ ಮಾಡುತ್ತಿಲ್ಲ, ಇನ್ನೊಂದು ಬಾಟಲಿ ಕೊಡಿ" ಅಂತಲೇ ಬರುತ್ತಾರೆ.

ಸುಮ್ನೆಓದುವೆ

ನಾನು ವೈದ್ಯಕೀಯದವನಲ್ಲ, ಸುಮ್ನೆ ಕುತೂಹಲ. ನರದಲ್ಲಿ ಹೋಗುವುದು ಕರೆಂಟು ಅಂತ ಶಾಲೆಯಲ್ಲಿ ಓದಿದ್ದೆ. ಮಧ್ಯದಲ್ಲಿ ರಾಸಾಯನಿಕ ಯಾಕೆ ಬೇಕು? ಇದು ರಾಸಾಯನಿಕ ಅಂತ ಮೊದಲು ತೋರಿಸಿದ್ದು ಹೇಗೆ?

ಕಪ್ಪೆಹೃದಯ

ನನ್ನ ಹೆಸರಿನ ಗುಟ್ಟು ಕೇಳಿದಿರಿ!

ನರಕೋಶದ ಉದ್ದಕ್ಕೂ ಹೋಗುವುದು ವಿದ್ಯುತ್ ಅಲೆಯೇ. ತಂತುವಿನ ತುದಿಯಲ್ಲಿ ಅದು ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ಬಂದರೆ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಪೊರೆಗೆ ಅಂಟಿ ಹೊರಕ್ಕೆ ಖಾಲಿಯಾಗುತ್ತವೆ. 20ನೇ ಶತಮಾನದ ಶುರುವಿನಲ್ಲಿ ಇದು ಯಾರಿಗೂ ಖಚಿತವಾಗಿರಲಿಲ್ಲ. ಕಿಡಿಯೇ ನೇರ ಹಾರುತ್ತದೆ ಅನ್ನುವವರೇ ಜಾಸ್ತಿ.

ಆಸ್ಟ್ರಿಯಾದ ಗ್ರಾಜ್‌ನ ಆಟೊ ಲೋವಿ ಮಾಡಿದ ಪ್ರಯೋಗ 1921ರಲ್ಲಿ ಅಚ್ಚಾಯಿತು. ಎರಡು ಕಪ್ಪೆಗಳ ಹೃದಯ. ಒಂದಕ್ಕೆ ವೇಗಸ್ ನರ, ಅಂದರೆ ಮೇಲೆ ಹೇಳಿದ 10ನೇ ಕಪಾಲ ನರ, ಅಂಟಿಕೊಂಡೇ ಇದೆ, ಇನ್ನೊಂದಕ್ಕೆ ನರವಿಲ್ಲ. ಎರಡರೊಳಗೂ ಉಪ್ಪಿನ ದ್ರಾವಣ. ದೇಹದಿಂದ ಹೊರಗಿದ್ದರೂ ಕಪ್ಪೆಯ ಹೃದಯ ತನ್ನಷ್ಟಕ್ಕೆ ಬಡಿಯುತ್ತಲೇ ಇರುತ್ತದೆ. ಮೊದಲನೆಯದರ ವೇಗಸ್ ನರಕ್ಕೆ ಕರೆಂಟು ಕೊಟ್ಟರು. ಬಡಿತ ನಿಧಾನವಾಯಿತು, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ಅದರೊಳಗಿನ ದ್ರಾವಣವನ್ನು ಎರಡನೆಯ ಹೃದಯಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ದ್ರಾವಣದ ಜೊತೆ ಕರೆಂಟು ಹೋಗುವುದಿಲ್ಲ, ವಸ್ತು ಹೋಗುತ್ತದೆ.

ಈ ಪ್ರಯೋಗದ ಯೋಚನೆ ನಿದ್ದೆಯಲ್ಲಿ ಬಂತು ಅಂತ ಲೋವಿ ಹೇಳಿಕೊಂಡಿದ್ದಾರೆ. ರಾತ್ರಿ ಎದ್ದು ಚೀಟಿಯಲ್ಲಿ ಗೀಚಿದರಂತೆ, ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲು ಆಗಲಿಲ್ಲವಂತೆ. ಮರುರಾತ್ರಿ ಮತ್ತೆ ಅದೇ ಯೋಚನೆ ಬಂದಾಗ ಚೀಟಿಯನ್ನು ನಂಬದೆ ಸೀದಾ ಪ್ರಯೋಗಾಲಯಕ್ಕೆ ಹೋದರು. ಕಥೆ ಸ್ವಲ್ಪ ಹೊಳಪು ಪಡೆದಿರಬಹುದು ಅಂತ ನನ್ನ ಅನುಮಾನ. ಆದರೆ ಅದೃಷ್ಟ ಇದ್ದದ್ದು ನಿಜ. ಕಪ್ಪೆಯ ವೇಗಸ್ ಒಳಗೆ ಸಿಂಪಥೆಟಿಕ್ ತಂತುಗಳೂ ಬೆರೆತಿರುತ್ತವೆ. ಋತು ಬದಲಾದರೆ ಫಲಿತಾಂಶವೂ ಬದಲಾಗಬಹುದು. ಬೇರೆಯವರು ಮಾಡಿದಾಗ ಸರಿಯಾಗಿ ಬರದೆ ಗಲಾಟೆಯೇ ಆಯಿತು. 1926ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಲೋವಿ ಎಲ್ಲರೆದುರು ಮಾಡಿ ತೋರಿಸಬೇಕಾಯಿತು.

ಆ ವಸ್ತು ಅಸಿಟೈಲ್‌ಕೋಲಿನ್. 1914ರಲ್ಲೇ ಹೆನ್ರಿ ಡೇಲ್ ಅದರ ಪರಿಣಾಮ ವೇಗಸ್ ನರದ ಪರಿಣಾಮದಂತೆಯೇ ಇದೆ ಅಂತ ಬರೆದಿದ್ದರು. 1936ರ ನೊಬೆಲ್ ಇಬ್ಬರಿಗೂ ಬಂತು. ಎರಡು ವರ್ಷದ ಮೇಲೆ ನಾಜಿಗಳು ಲೋವಿಯನ್ನು ಬಂಧಿಸಿ, ಆ ಬಹುಮಾನದ ಹಣ ಕಿತ್ತುಕೊಂಡೇ ದೇಶ ಬಿಡಲು ಕೊಟ್ಟರು. ಸಿಂಪಥೆಟಿಕ್ ಕಡೆಯ ವಸ್ತು ನಾರ್‌ಅಡ್ರಿನಲಿನ್ ಅಂತ ಖಚಿತವಾಗಲು 1946 ಬೇಕಾಯಿತು. ಅದನ್ನು ತೋರಿಸಿದ್ದು ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್.

ರಾತ್ರಿಪಾಳಿ

ನಾನು ಐಸಿಯು ನರ್ಸ್. ಕಪ್ಪೆಯ ಹೃದಯದ ಮಾತು ಬಂದಿದ್ದಕ್ಕೆ ಮನುಷ್ಯರದ್ದೂ ಹೇಳುತ್ತೇನೆ.

ಹೃದಯ ಕಸಿ ಮಾಡಿದವರ ಮಾನಿಟರ್ ನೋಡಿದ್ದೀರಾ? ಸುಮ್ನೆ ಮಲಗಿದ್ದರೂ ಬಡಿತ 90ರಿಂದ 110ರ ನಡುವೆ ಇರುತ್ತದೆ. ಕಸಿ ಮಾಡುವಾಗ ನರಗಳು ಕತ್ತರಿಸಿ ಹೋಗಿರುತ್ತವೆ. ಹೃದಯದ ಸ್ವಂತ ಗತಿ ಅಷ್ಟು. ನಮ್ಮ ನಿಮ್ಮ ಹೃದಯ 70ರಲ್ಲಿ ಇರುವುದು ವೇಗಸ್ ಇಡೀ ದಿನ ಹಿಡಿದುಕೊಂಡಿರುವುದರಿಂದ. ಎದ್ದು ಎರಡು ಹೆಜ್ಜೆ ಇಟ್ಟಾಗ ಬಡಿತ ಏರುತ್ತದಲ್ಲ, ಮೊದಲ ಕ್ಷಣದಲ್ಲಿ ಅಲ್ಲಿ ಆಗುವುದು ವೇಗಸ್ ಹಿಡಿತ ಸಡಿಲಿಸುವುದು ಮಾತ್ರ. ಕಸಿ ಹೃದಯದವರಿಗೆ ಆ ಸೌಲಭ್ಯ ಇಲ್ಲ. ರಕ್ತದಲ್ಲಿ ಅಡ್ರಿನಲಿನ್ ಬಂದು ಸೇರುವವರೆಗೆ ಬಡಿತ ಏರುವುದಿಲ್ಲ. ಅದಕ್ಕೇ ವ್ಯಾಯಾಮಕ್ಕೆ ಮೊದಲು ನಿಧಾನವಾಗಿ ಮೈ ಬೆಚ್ಚಗೆ ಮಾಡಿಕೊಳ್ಳಿ ಅಂತ ಅವರಿಗೆ ಹೇಳುತ್ತೇವೆ. ಅವರ ಬಡಿತ ಬಿದ್ದರೆ ಅಟ್ರೊಪಿನ್ ನೆಚ್ಚಿಕೊಳ್ಳುವುದಿಲ್ಲ. ಅಟ್ರೊಪಿನ್ ಮುಚ್ಚುವುದು ವೇಗಸ್ ಸಂದೇಶ ಹಿಡಿಯುವ ಕೈಯನ್ನು. ಸಂದೇಶವೇ ಬರದಿದ್ದರೆ ಮುಚ್ಚಲು ಏನಿದೆ?

ಇನ್ನೊಂದು ಕಂಡದ್ದು ಕೀಟನಾಶಕ ಸೇವಿಸಿ ಬಂದವರಲ್ಲಿ. ಆರ್ಗನೊಫಾಸ್ಫೇಟ್ ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಎಲ್ಲೆಲ್ಲಿ ಬಿಡುಗಡೆಯಾಗುತ್ತದೋ ಅಲ್ಲೆಲ್ಲ ಗುಡ್ಡೆ ಬೀಳುತ್ತದೆ. ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತದೆ. ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು, ಹಾಸಿಗೆ ಒದ್ದೆಯಾಗುವಷ್ಟು ಬೆವರು. ಎದೆಯಲ್ಲಿ ಕಫ ಗೊರಗೊರ ಅನ್ನುತ್ತದೆ. ಅಟ್ರೊಪಿನ್ ಕೊಟ್ಟಾಗ ಎದೆ ಒಣಗುತ್ತದೆ, ನಾಡಿ ಏರುತ್ತದೆ, ಬೆವರೂ ನಿಲ್ಲುತ್ತದೆ. ಹಿಂದಿನಬೆಂಚು, ನಿಮ್ಮ ಬೆವರಿಗೆ ಸಾಕ್ಷಿ ಇಲ್ಲಿದೆ. ನರ ಸಿಂಪಥೆಟಿಕ್ ಆದರೂ ಗ್ರಂಥಿಯ ಮೇಲಿರುವುದು ಅಸಿಟೈಲ್‌ಕೋಲಿನ್ ಹಿಡಿಯುವ ಇನ್ನೊಂದು ಬಗೆಯ ಕೈ, ಮಸ್ಕರಿನಿಕ್ ರಿಸೆಪ್ಟರ್, ಅಟ್ರೊಪಿನ್ ಅದನ್ನು ಮುಚ್ಚುತ್ತದೆ. ಔಷಧ ಸಾಕಾಯಿತಾ ಅಂತ ನಾವು ನೋಡುವುದು ಮುಖ್ಯವಾಗಿ ಎದೆಯ ಸದ್ದು, ನಾಡಿ ಮತ್ತು ಬಿಪಿಯನ್ನು. ಪಾಪೆ ಹಿಗ್ಗಲಿ ಅಂತ ಕಾಯುವುದಿಲ್ಲ.

ಆದರೆ ಅಟ್ರೊಪಿನ್ ಎಷ್ಟು ಕೊಟ್ಟರೂ ಕೈಕಾಲಿನ ಸೋಲು ಹೋಗುವುದಿಲ್ಲ, ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರ್ ಬೇಕೇ ಬೇಕು. ಅಲ್ಲಿರುವುದು ನಿಕೋಟಿನಿಕ್ ರಿಸೆಪ್ಟರ್, ಅಟ್ರೊಪಿನ್‌ಗೆ ಅದು ಸಿಗುವುದಿಲ್ಲ. ಇನ್ನು ಕೆಲವರು ನಿಧಾನ ನಾಡಿಯ ಬದಲು ಜೋರು ನಾಡಿ, ಏರಿದ ಬಿಪಿ ಹೊತ್ತು ಬರುತ್ತಾರೆ. ಹೊಸಬರು ಗಾಬರಿಯಾಗುತ್ತಾರೆ. ಕಪ್ಪೆಹೃದಯ ಸರ್ ಹೇಳಿದ್ದು ನೆನಪಿಸಿಕೊಳ್ಳಿ. ಸಿಂಪಥೆಟಿಕ್ ಗಂಟಿನಲ್ಲೂ ಅಡ್ರಿನಲ್‌ನಲ್ಲೂ ಇರುವುದು ಅಸಿಟೈಲ್‌ಕೋಲಿನ್ನೇ, ಅಲ್ಲೂ ಅದು ತುಂಬಿ ತುಳುಕುತ್ತಿದೆ.

ಹಿಂದಿನಬೆಂಚು

ರಾತ್ರಿಪಾಳಿ ಮೇಡಂ, ನಿಕೋಟಿನಿಕ್-ಮಸ್ಕರಿನಿಕ್ ವ್ಯತ್ಯಾಸ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಬೆವರಿನ ನರ ಮಾತ್ರ ಯಾಕೆ ಹೀಗೆ ಅಂತ ಗೊತ್ತಾ?

ಕಪ್ಪೆಹೃದಯ

ಇಲಿಯ ಪಾದದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಹುಟ್ಟಿದ ಹೊಸದರಲ್ಲಿ ಬೆವರು ಗ್ರಂಥಿಗೆ ಬರುವ ಸಿಂಪಥೆಟಿಕ್ ತಂತು ಉಳಿದವುಗಳಂತೆ ನಾರ್‌ಅಡ್ರಿನಲಿನ್ನನ್ನೇ ತಯಾರಿಸುತ್ತಿರುತ್ತದೆ. ಗ್ರಂಥಿಯನ್ನು ಮುಟ್ಟಿದ ಮೇಲೆ, ಮೊದಲ ಕೆಲವು ವಾರಗಳಲ್ಲಿ, ಅದು ಬದಲಾಗಿ ಅಸಿಟೈಲ್‌ಕೋಲಿನ್ ಕಡೆ ತಿರುಗುತ್ತದೆ. ಬದಲಾಗು ಅನ್ನುವ ಸೂಚನೆ ಕೊಡುವುದು ಗ್ರಂಥಿ. ಬೇರೆ ಜಾಗದ ಚರ್ಮಕ್ಕೆ ಹೋಗಬೇಕಿದ್ದ ನರಕ್ಕೆ ಬೆವರು ಗ್ರಂಥಿ ಕಸಿ ಮಾಡಿ ಕೊಟ್ಟರೆ ಆ ನರವೂ ಬದಲಾಗುತ್ತದೆ. ನರ ಅಂಗವನ್ನು ಆಳುತ್ತದೆ ಅಂತಷ್ಟೇ ನಾವು ಓದುತ್ತೇವೆ, ಅಂಗವೂ ನರವನ್ನು ತಿದ್ದುತ್ತದೆ.

ಉಸಿರುಗಾರ

ಚರ್ಚೆ ಚೆನ್ನಾಗಿದೆ. ಆದರೆ ಪ್ರಾಯೋಗಿಕವಾಗಿ ಹೇಳುವುದಾದರೆ ಇಂದಿನ ಎಲ್ಲ ರೋಗಕ್ಕೂ ಮೂಲ ಸಿಂಪಥೆಟಿಕ್ ಜಾಸ್ತಿ ಆಗಿರುವುದು. ವೇಗಸ್ ನರವನ್ನು ಎಚ್ಚರಿಸಿದರೆ ಸಾಕು. ನಿಧಾನವಾಗಿ ಉಸಿರು ಬಿಡಿ, ಮುಖಕ್ಕೆ ತಣ್ಣೀರು ಹಾಕಿ, ಸಿಂಪಥೆಟಿಕ್ ಆಫ್ ಆಗುತ್ತದೆ. ನಾನು ಇದನ್ನು ಬಹಳ ಜನರಿಗೆ ಕಲಿಸಿದ್ದೇನೆ.

ರಾತ್ರಿಪಾಳಿ

ಸಿಂಪಥೆಟಿಕ್ ನಿಜವಾಗಿ ಆಫ್ ಆದವರನ್ನು ನಾನು ನೋಡಿಕೊಳ್ಳುತ್ತೇನೆ. ಹಾಸಿಗೆಯಿಂದ ಎಬ್ಬಿಸಿ ಕೂರಿಸಿದರೆ ಸಾಕು, ಪ್ರಜ್ಞೆ ತಪ್ಪುತ್ತಾರೆ.

ಕಪ್ಪೆಹೃದಯ

ಉಸಿರುಗಾರರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಉಸಿರು ಎಳೆದಾಗ ವೇಗಸ್ ಹಿಡಿತ ಸ್ವಲ್ಪ ಸಡಿಲವಾಗಿ ಬಡಿತ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಿಧಾನವಾಗಿ ಉಸಿರಾಡಿದರೆ ಈ ಏರಿಳಿತ ದೊಡ್ಡದಾಗುತ್ತದೆ. ಮುಖಕ್ಕೆ ತಣ್ಣೀರು ತಾಗಿದರೆ ಬಡಿತ ಇಳಿಯುವುದೂ ನಿಜ. ಆದರೆ ತಮಾಷೆ ಕೇಳಿ. ನೀರಿನಲ್ಲಿ ಮುಳುಗಿದಾಗಿನ ಆ ಪ್ರತಿಕ್ರಿಯೆಯಲ್ಲಿ ವೇಗಸ್ ಹೃದಯವನ್ನು ನಿಧಾನಿಸುವಾಗಲೇ ಸಿಂಪಥೆಟಿಕ್ ಕೈಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಎರಡೂ ಒಟ್ಟಿಗೆ ಆನ್. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅನ್ನುವ ನಿಯಮ ದೇಹದಲ್ಲಿ ಇಲ್ಲ.

ಇನ್ನೊಂದು, ವೇಗಸ್ ಅಂದರೆ ಬರೀ ಶಾಂತಿಯ ಆದೇಶ ಒಯ್ಯುವ ನರ ಅಂದುಕೊಳ್ಳಬೇಡಿ. ಅದರ ತಂತುಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಅಂಗಗಳಿಂದ ಮಿದುಳಿಗೆ ಸುದ್ದಿ ತರುವಂಥವು. ಆದೇಶ ಒಯ್ಯುವುದು ಉಳಿದ ಸಣ್ಣ ಪಾಲು.

"ಹೋರಾಡು ಇಲ್ಲವೇ ಓಡು" ಅಂತ ಸಿಂಪಥೆಟಿಕ್‌ಗೆ ಹೆಸರು ಬಿದ್ದದ್ದು ವಾಲ್ಟರ್ ಕ್ಯಾನನ್ 1915ರ ಸುಮಾರಿಗೆ ಬರೆದದ್ದರಿಂದ. ಅವರು ನೋಡುತ್ತಿದ್ದದ್ದು ಗಾಬರಿಯಾದ ಪ್ರಾಣಿಗಳನ್ನು. ಆದರೆ ನೀವು ಈಗ ಕುರ್ಚಿಯಲ್ಲಿ ಕೂತು ಓದುವಾಗಲೂ ಸಿಂಪಥೆಟಿಕ್ ಬಿಡದೆ ಕೆಲಸ ಮಾಡುತ್ತಿದೆ.

ಎದ್ದು ನಿಂತಾಗ ಏನಾಗುತ್ತದೆ ನೋಡಿ. ಅರ್ಧ ಲೀಟರಿಗೂ ಮೇಲೆ ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಕತ್ತಿನ ಕೆರೋಟಿಡ್ ಸೈನಸ್ ಮತ್ತು ಮಹಾಪಧಮನಿಯ ಕಮಾನಿನಲ್ಲಿ ನಾಳದ ಗೋಡೆ ಎಷ್ಟು ಹಿಗ್ಗಿದೆ ಅಂತ ಅಳೆಯುವ ನರತುದಿಗಳಿವೆ. ಒತ್ತಡ ಇಳಿದರೆ ಅವು 9 ಮತ್ತು 10ನೇ ನರಗಳ ಮೂಲಕ ಕಳಿಸುವ ಮಿಡಿತ ಕಡಿಮೆಯಾಗುತ್ತದೆ. ಮಿದುಳಿನ ಕಾಂಡ ಇದನ್ನು ಗಮನಿಸಿ ಎರಡು ಕೆಲಸ ಮಾಡುತ್ತದೆ. ವೇಗಸ್ ಹಿಡಿತ ಸಡಿಲಿಸುತ್ತದೆ, ಸಿಂಪಥೆಟಿಕ್ ಮೂಲಕ ರಕ್ತನಾಳ ಬಿಗಿಯುತ್ತದೆ. ಮೊದಲನೆಯದಕ್ಕೆ ಒಂದು ಸೆಕೆಂಡೂ ಬೇಡ. ಎರಡನೆಯದು ಪೂರ್ತಿ ಹಿಡಿಯಲು ಕೆಲವು ಸೆಕೆಂಡು ಬೇಕು, ಯಾಕೆಂದರೆ ಆ ತಂತುಗಳಿಗೆ ಮಯಲಿನ್ ಹೊದಿಕೆ ಇಲ್ಲ, ಸಂದೇಶ ಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತದೆ, ತಲುಪಿದ ಮೇಲೂ ಕೋಶದೊಳಗೆ ಹಲವು ಹಂತ ದಾಟಬೇಕು. ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ.

ಉಸಿರುಗಾರ

ಸರಿ ಸರ್, "ಆಫ್" ಅನ್ನುವುದನ್ನು ಬಿಡುತ್ತೇನೆ. ಆದರೆ ಅಭ್ಯಾಸದಿಂದ ಜನರಿಗೆ ಹಗುರ ಅನ್ನಿಸುವುದಂತೂ ಹೌದು.

ಕಪ್ಪೆಹೃದಯ

ಅದಕ್ಕೆ ನನ್ನ ತಕರಾರೇ ಇಲ್ಲ.

ನಿಂತರೆತಲೆಸುತ್ತು

ಹೆಸರೇ ಹೇಳುತ್ತದೆ, ನಾನು ಈ ಪಾಠದ ಮಾದರಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಮಲಗಿದ್ದಾಗ ಬಿಪಿ ಚೆನ್ನಾಗಿದೆ, ನಿಂತರೆ ಕಣ್ಣು ಕತ್ತಲೆ. ಸ್ವಾಯತ್ತ ನರಗಳು ಸವೆದಿವೆ ಅಂದರು ಡಾಕ್ಟರು. ಆಶ್ಚರ್ಯ ಅಂದರೆ ನಿಂತಾಗ ಬಿಪಿ ಬೀಳುತ್ತದೆ, ಆದರೆ ನಾಡಿ ಏರುವುದಿಲ್ಲ. ಬಿಪಿ ಬಿದ್ದರೆ ನಾಡಿ ಏರಬೇಕಲ್ವಾ?

ರಾತ್ರಿಪಾಳಿ

ಅಣ್ಣ, ನಿಮ್ಮ ಡಾಕ್ಟರು ಹೇಳಿದ್ದಕ್ಕೆ ಅದೇ ಪುರಾವೆ. ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಬಿದ್ದರೆ ನಾಡಿ ಓಡುತ್ತದೆ, ಯಾಕೆಂದರೆ ನರ ಸರಿ ಇದೆ, ಅದು ಸರಿದೂಗಿಸಲು ನೋಡುತ್ತಿದೆ. ನರವೇ ಸವೆದರೆ ಬಿಪಿ ಬೀಳುತ್ತದೆ, ನಾಡಿ ಇದ್ದಲ್ಲೇ ಇರುತ್ತದೆ. ನಾವು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ಬಿಪಿ ನೋಡುತ್ತೇವೆ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಕೆಲವು ಯುವಜನರಲ್ಲಿ ಇದರ ಉಲ್ಟಾ ಇರುತ್ತದೆ, ಬಿಪಿ ಬೀಳುವುದಿಲ್ಲ, ನಾಡಿ 30ಕ್ಕಿಂತ ಜಾಸ್ತಿ ಹಾರುತ್ತದೆ. ಅದು ಬೇರೆ ತೊಂದರೆ.

ಏಳುವಾಗ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂತು ಏಳಿ. ನಿಂತಾಗ ತೊಡೆಯ ಸ್ನಾಯು ಬಿಗಿಹಿಡಿಯಿರಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ಇನ್ನೊಮ್ಮೆ ತೋರಿಸಿ.

ಮಾತ್ರೆಡಬ್ಬಿ

ಮಾತ್ರೆಯ ಪಟ್ಟಿ ತೋರಿಸಿ ಅನ್ನುವುದನ್ನು ನಾನೂ ಒತ್ತಿ ಹೇಳುತ್ತೇನೆ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೊಸಿನ್‌ನಂಥವು ಆಲ್ಫಾ 1 ಮುಚ್ಚುತ್ತವೆ. ಮೂತ್ರದ ದಾರಿ ಸಡಿಲವಾಗುತ್ತದೆ, ಜೊತೆಗೆ ಕೆಲವರಿಗೆ ನಿಂತಾಗ ಬಿಪಿಯೂ ಬೀಳುತ್ತದೆ. ಮೂತ್ರ ಪದೇ ಪದೇ ಬರುತ್ತದೆ ಅಂತ ಕೊಡುವ ಆಕ್ಸಿಬ್ಯುಟಿನಿನ್ ಮಸ್ಕರಿನಿಕ್ ಕೈ ಮುಚ್ಚುತ್ತದೆ, ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ. ವಯಸ್ಸಾದವರಿಗೆ ತಲೆಯೂ ಮಂಕಾಗಬಹುದು.

ಹಿಂದಿನಬೆಂಚು, ಇದನ್ನೂ ಸೇರಿಸಿಕೊಳ್ಳಿ. ಸಂದೇಶ ಮುಗಿಯುವ ಬಗೆ ಎರಡು ಕಡೆ ಬೇರೆ. ಅಸಿಟೈಲ್‌ಕೋಲಿನ್ನನ್ನು ಕಿಣ್ವ ಅಲ್ಲೇ ಒಡೆದುಹಾಕುತ್ತದೆ, ಕೋಲಿನ್ ತುಂಡನ್ನು ನರ ಮತ್ತೆ ಒಳಗೆಳೆದು ಹೊಸದನ್ನು ಕಟ್ಟುತ್ತದೆ. ನಾರ್‌ಅಡ್ರಿನಲಿನ್ನನ್ನು ಹೆಚ್ಚಾಗಿ ಇಡಿಯಾಗಿಯೇ ನರತುದಿಯೊಳಗೆ ವಾಪಸ್ ಎಳೆದುಕೊಳ್ಳುತ್ತದೆ. ಒಳಗೆ ಒಂದಷ್ಟು ಚೀಲಕ್ಕೆ ಹೋಗುತ್ತದೆ, ಉಳಿದದ್ದನ್ನು ಎಂಎಒ ಕಿಣ್ವ ಮುಗಿಸುತ್ತದೆ. ವಾಪಸ್ ಎಳೆಯುವ ಆ ಪಂಪನ್ನು ಕೊಕೇನ್ ತಡೆಯುತ್ತದೆ. ಬಿಪಿ, ನಾಡಿ ಎರಡೂ ಹಾರುವುದು ಅದಕ್ಕೇ. ಇದನ್ನು ತೋರಿಸಿಕೊಟ್ಟದ್ದು ಜೂಲಿಯಸ್ ಆಕ್ಸಲ್‌ರಾಡ್. 1970ರ ನೊಬೆಲ್ ಅವರಿಗೂ ವಾನ್ ಆಯ್ಲರ್‌ಗೂ ಬರ್ನಾರ್ಡ್ ಕಾಟ್ಜ್‌ಗೂ ಹಂಚಿಹೋಯಿತು.

ಹಿಂದಿನಬೆಂಚು

ಒಂದು ಚಿತ್ರದ ಪ್ರಶ್ನೆ. ಪುಸ್ತಕದಲ್ಲಿ ನರದ ತುದಿ ಅಂಗಕ್ಕೆ ಅಂಟಿಕೊಂಡಂತೆ ಬರೆದಿದ್ದಾರೆ. ಒಂದು ತುದಿ, ಒಂದು ಕೋಶ. ನಿಜವಾಗಿ ಹಾಗೇನಾ?

ಕಪ್ಪೆಹೃದಯ

ಹಾಗಲ್ಲ. ಗಂಟಿನೊಳಗೆ ಅಂಥ ಬಿಗಿ ಜೋಡಣೆ ಇದೆ, ಅಲ್ಲಿ ಸಂದೇಶ ಮಿಲಿಸೆಕೆಂಡುಗಳಲ್ಲಿ ದಾಟುತ್ತದೆ. ಅಂಗದೊಳಗೆ ಚಿತ್ರವೇ ಬೇರೆ. ಎರಡನೆಯ ನರಕೋಶದ ತಂತು ಸ್ನಾಯುಕೋಶಗಳ ನಡುವೆ ಹರಡಿಕೊಂಡು ಹೋಗುತ್ತದೆ. ಉದ್ದಕ್ಕೂ ಮಣಿ ಪೋಣಿಸಿದಂತೆ ಉಬ್ಬುಗಳು. ರಾಸಾಯನಿಕದ ಚೀಲಗಳಿರುವುದು ಆ ಉಬ್ಬುಗಳಲ್ಲಿ. ಅಲೆ ಹಾದುಹೋಗುವಾಗ ಒಂದೊಂದು ಉಬ್ಬೂ ಬಿಡಬಹುದು, ಬಿಡದೆಯೂ ಇರಬಹುದು. ಬಿಟ್ಟದ್ದು ಸುತ್ತಲಿನ ಹಲವು ಕೋಶಗಳಿಗೆ ಹರಡುತ್ತದೆ. ಅಂಥ ಕೋಶಗಳು ಹಲವು ಕಡೆ ಒಂದಕ್ಕೊಂದು ಸಣ್ಣ ರಂಧ್ರಗಳಿಂದ ಜೋಡಿಸಿಕೊಂಡಿರುವುದರಿಂದ ಪಕ್ಕದವಕ್ಕೂ ಮುಟ್ಟುತ್ತದೆ.

ಇನ್ನೂ ಒಂದು ಗಂಟು ಬಿಡಿಸಬೇಕು. ಒಂದು ನರಕ್ಕೆ ಒಂದೇ ರಾಸಾಯನಿಕ ಅನ್ನುವುದು ಬಹಳ ಕಾಲದ ನಂಬಿಕೆ. ಕೆಲವು ಸ್ನಾಯುಗಳಲ್ಲಿ ಅಡ್ರಿನಲಿನ್ ಕೈಗಳನ್ನೂ ಅಸಿಟೈಲ್‌ಕೋಲಿನ್ ಕೈಗಳನ್ನೂ ಮುಚ್ಚಿದರೂ ನರಕ್ಕೆ ಕರೆಂಟು ಕೊಟ್ಟಾಗ ಸ್ನಾಯು ಉತ್ತರ ಕೊಡುತ್ತಿತ್ತು. ಮೂರನೆಯದು ಏನೋ ಇರಬೇಕು ಅಲ್ವಾ? ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಅದು ಎಟಿಪಿ ಅಂದರು. ಕೋಶದ ಇಂಧನ ಅಂತ ನಾವು ಓದುವ ಅದೇ ಎಟಿಪಿ. ಬಹಳ ವರ್ಷ ಯಾರೂ ನಂಬಲಿಲ್ಲ. ಅದನ್ನು ಹಿಡಿಯುವ ರಿಸೆಪ್ಟರ್‌ಗಳು 1990ರ ದಶಕದಲ್ಲಿ ಸಿಕ್ಕ ಮೇಲೆ ಬಾಯಿ ಮುಚ್ಚಿದರು. ರಕ್ತನಾಳಕ್ಕೆ ಹೋಗುವ ಸಿಂಪಥೆಟಿಕ್ ತಂತು ಎಟಿಪಿ, ನಾರ್‌ಅಡ್ರಿನಲಿನ್, ನ್ಯೂರೋಪೆಪ್ಟೈಡ್ ವೈ ಮೂರನ್ನೂ ಬಿಡಬಲ್ಲದು. ಮೊದಲನೆಯದು ಕ್ಷಣದಲ್ಲಿ ಹಿಡಿಯುತ್ತದೆ, ಎರಡನೆಯದು ಸ್ವಲ್ಪ ತಡವಾಗಿ, ಮೂರನೆಯದು ಬಹಳ ಹೊತ್ತು ಉಳಿಯುತ್ತದೆ.

ಪ್ಯಾರಾಸಿಂಪಥೆಟಿಕ್ ಕಡೆ ನೈಟ್ರಿಕ್ ಆಕ್ಸೈಡ್ ಇದೆ. ಅದು ಅನಿಲ. ಚೀಲದಲ್ಲಿ ಕೂಡಿಡಲು ಆಗುವುದಿಲ್ಲ, ಬೇಕಾದಾಗ ಆಗಲೇ ತಯಾರಾಗಿ ಪೊರೆ ದಾಟಿ ಹೋಗುತ್ತದೆ, ಹೊರಗಿನ ರಿಸೆಪ್ಟರ್ ಕೂಡ ಬೇಡ. ರಕ್ತನಾಳಕ್ಕೆ ಸಡಿಲಾಗು ಅಂತ ಹೇಳುವ ವಸ್ತು ಇದು ಅಂತ ತೋರಿಸಿದವರಿಗೆ 1998ರ ನೊಬೆಲ್ ಬಂತು. ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಕೆಲಸ ಮಾಡುವುದು ಇದೇ ದಾರಿಯಲ್ಲಿ.

ಸುಮ್ನೆಓದುವೆ

ಕರುಳಿಗೆ ತನ್ನದೇ ಮಿದುಳು ಇದೆ ಅಂತ ಎಲ್ಲೆಲ್ಲೂ ಬರೆಯುತ್ತಾರಲ್ಲ, ಅದು ಬರೀ ಮಾತಾ?

ಕಪ್ಪೆಹೃದಯ

ಮಿದುಳು ಅನ್ನುವುದು ಉತ್ಪ್ರೇಕ್ಷೆ, ಆದರೆ ಹಿಂದಿರುವ ವಿಷಯ ಗಟ್ಟಿ. ಲ್ಯಾಂಗ್ಲಿ ಕೂಡ ಕರುಳಿನ ನರಜಾಲವನ್ನು ಮೂರನೆಯ ವಿಭಾಗ ಅಂತಲೇ ಎಣಿಸಿದ್ದರು. ಸ್ನಾಯು ಪದರಗಳ ನಡುವೆ ಔರ್‌ಬಾಕ್ ಜಾಲ, ಒಳಪದರದ ಕೆಳಗೆ ಮೈಸ್ನರ್ ಜಾಲ. ಹತ್ತು ಕೋಟಿಗೂ ಜಾಸ್ತಿ ನರಕೋಶಗಳು. ದೇಹದಿಂದ ತೆಗೆದ ಕರುಳಿನ ತುಂಡಿನೊಳಗೆ ಏನಾದರೂ ಇಟ್ಟು ಗೋಡೆಯನ್ನು ಹಿಗ್ಗಿಸಿದರೆ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ, ಒಳಗಿದ್ದದ್ದು ಮುಂದೆ ಸಾಗುತ್ತದೆ. ಹೊರಗಿನ ನರಗಳನ್ನೆಲ್ಲ ಕಡಿದರೂ ಇದು ನಡೆಯುತ್ತದೆ ಅಂತ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ತೋರಿಸಿದ್ದಾರೆ. ವೇಗಸ್ ಮತ್ತು ಸಿಂಪಥೆಟಿಕ್ ಬಂದು ಜೋರು-ಮೆಲ್ಲ ಮಾಡುತ್ತವೆ ಅಷ್ಟೇ. ಮಕ್ಕಳು ಕೆಲವರು ಈ ಕೋಶಗಳೇ ಇಲ್ಲದ ಕರುಳಿನ ತುದಿಯೊಂದಿಗೆ ಹುಟ್ಟುತ್ತಾರೆ, ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂತ. ಆ ಭಾಗ ಸಡಿಲವಾಗುವುದೇ ಇಲ್ಲ, ಮಲ ಮುಂದೆ ಹೋಗುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕು.

ರಾತ್ರಿಪಾಳಿ

ವೈರಿಂಗ್ ಎಲ್ಲಿಂದ ಹೊರಡುತ್ತದೆ ಅಂತ ಯಾಕೆ ಕಲಿಯಬೇಕು ಅನ್ನುವವರಿಗೆ ಒಂದು ಉದಾಹರಣೆ ಕೊಟ್ಟು ಪಾಳಿಗೆ ಹೋಗುತ್ತೇನೆ.

ಬೆನ್ನುಹುರಿ ಥೊರಾಸಿಕ್ 6 ಅಥವಾ ಅದಕ್ಕಿಂತ ಮೇಲೆ ಕಡಿದುಹೋದವರು. ಅವರ ಮೂತ್ರದ ನಳಿಕೆ ಎಲ್ಲೋ ಮಡಚಿ ಮೂತ್ರಕೋಶ ತುಂಬುತ್ತದೆ. ಅವರಿಗೆ ಅದು ಗೊತ್ತಾಗುವುದಿಲ್ಲ, ಆದರೆ ಬೆನ್ನುಹುರಿಗೆ ಗೊತ್ತಾಗುತ್ತದೆ. ಗಾಯದ ಕೆಳಗಿನ ಸಿಂಪಥೆಟಿಕ್ ಎಲ್ಲ ಒಮ್ಮೆಗೇ ಕೆರಳಿ ಹೊಟ್ಟೆ, ಕಾಲುಗಳ ರಕ್ತನಾಳ ಬಿಗಿಯುತ್ತದೆ. ಬಿಪಿ ಹುಚ್ಚಾಪಟ್ಟೆ ಏರುತ್ತದೆ. ಮಿದುಳು ಅದನ್ನು ನೋಡಿ ಸಡಿಲಿಸು ಅನ್ನುತ್ತದೆ. ಆದರೆ ಆ ಆದೇಶ ಇಳಿಯಬೇಕಾದ ದಾರಿ ಗಾಯದಲ್ಲೇ ಕಡಿದಿದೆ. ವೇಗಸ್ ಮಾತ್ರ ಬೆನ್ನುಹುರಿಯ ಹಂಗಿಲ್ಲದೆ ಹೃದಯ ತಲುಪುತ್ತದೆ, ನಾಡಿ ಇಳಿಸುತ್ತದೆ. ಹಾಗಾಗಿ ಬಿಪಿ 200, ನಾಡಿ 50, ತಲೆ ಸಿಡಿಯುವ ನೋವು. ಗಾಯದ ಮೇಲೆ ಮುಖ ಕೆಂಪಾಗಿ ಬೆವರುತ್ತದೆ, ಕೆಳಗೆ ಚರ್ಮ ತಣ್ಣಗೆ ಬಿಳಿಚಿರುತ್ತದೆ. ಒಂದೇ ಮೈಯಲ್ಲಿ ಗೆರೆ ಎಳೆದಂತೆ. ಮೊದಲು ಕೂರಿಸುತ್ತೇವೆ, ಬಟ್ಟೆ ಸಡಿಲ ಮಾಡುತ್ತೇವೆ, ನಳಿಕೆ ನೋಡುತ್ತೇವೆ. ಮಡಚಿದ್ದನ್ನು ಬಿಡಿಸಿ ಮೂತ್ರ ಹರಿದರೆ ಬಿಪಿ ಕಣ್ಣೆದುರೇ ಇಳಿಯುತ್ತದೆ.

ಹಿಂದಿನಬೆಂಚು

ಇದನ್ನು ನಾಳೆ ಗ್ರೂಪಿನಲ್ಲಿ ಹೇಳುತ್ತೇನೆ. ಕೊನೆಯ ಪ್ರಶ್ನೆ ಸರ್. ಸೇಕ್ರಲ್ ನರಗಳು ಪ್ಯಾರಾಸಿಂಪಥೆಟಿಕ್ ಅಲ್ಲವೇ ಅಲ್ಲ, ಸಿಂಪಥೆಟಿಕ್ ಅಂತ ಸೀನಿಯರ್ ಒಬ್ಬರು ವಾದ ಮಾಡಿದರು. ತಮಾಷೆ ಮಾಡಿದರಾ?

ಕಪ್ಪೆಹೃದಯ

ತಮಾಷೆ ಅಲ್ಲ. 2016ರಲ್ಲಿ ಇಲಿಯ ಭ್ರೂಣಗಳಲ್ಲಿ ನೋಡಿದ ಒಂದು ತಂಡ, ಸೇಕ್ರಲ್ ನರಕೋಶಗಳು ಬೆಳೆಯುವಾಗ ಆನ್ ಆಗುವ ಜೀನ್‌ಗಳು ಥೊರಾಸಿಕ್ ಕಡೆಯವುಗಳಂತಿವೆ, ವೇಗಸ್ ಕಡೆಯವುಗಳಂತಿಲ್ಲ ಅಂತ ಬರೆಯಿತು. ಹಾಗಾಗಿ ಅವನ್ನು ಸಿಂಪಥೆಟಿಕ್ ಅನ್ನಬೇಕು ಅಂತ ಅವರ ವಾದ. ಕೆಲಸ ಮತ್ತು ಔಷಧಕ್ಕೆ ಕೊಡುವ ಉತ್ತರ ನೋಡಿದರೆ ಪ್ಯಾರಾಸಿಂಪಥೆಟಿಕ್ಕೇ ಸರಿ ಅಂತ ಬೇರೆಯವರು ಉತ್ತರ ಕೊಟ್ಟಿದ್ದಾರೆ. ಜಗಳ ಇನ್ನೂ ಮುಗಿದಿಲ್ಲ. ನನಗೆ ಕೇಳಿದರೆ ಎರಡನೆಯವರ ಕಡೆ ಸ್ವಲ್ಪ ಒಲವು. ಮೂತ್ರಕೋಶಕ್ಕೆ ಅದರ ನರ ಭ್ರೂಣದಲ್ಲಿ ಎಲ್ಲಿಂದ ಬಂತು ಅನ್ನುವುದರಿಂದ ಆಗಬೇಕಾದ್ದೇನಿಲ್ಲ, ಅದರ ಮೇಲಿರುವ ಎಂ3 ಅನ್ನುವ ಮಸ್ಕರಿನಿಕ್ ರಿಸೆಪ್ಟರ್‌ಗೆ ಅಸಿಟೈಲ್‌ಕೋಲಿನ್ ಬಂತಾ ಅನ್ನುವುದಷ್ಟೇ ಲೆಕ್ಕ.

ಪರೀಕ್ಷೆಯಲ್ಲಿ ಮಾತ್ರ ಪ್ಯಾರಾಸಿಂಪಥೆಟಿಕ್ ಅಂತಲೇ ಬರೆಯಿರಿ. ಮೌಖಿಕದಲ್ಲಿ ಕೇಳಿದರೆ ಈ ಜಗಳ ಹೇಳಿ, ಪರೀಕ್ಷಕರು ಒಳ್ಳೆಯ ಮೂಡಿನಲ್ಲಿದ್ದರೆ.